ಹನುಮಕ್ಕನ ಅಡಿಟಿಪ್ಪಣಿ

ಮಧುಗಿರಿ
೨೦-೧೦-೧೯೩೬

ನನ್ನ ಮೇಲೆ ಇನ್ನೂ ಮುನಿದಿರುವ ಪ್ರೀತಿಯ ಚನ್ನಮಲ್ಲಿಗೆ,

ಮೂರು ವರ್ಷದ ಮೇಲೆ ನನ್ನ ಕಾಗದ ಕಂಡು ನೀನು ಹುಬ್ಬೇರಿಸುತ್ತೀಯೆ ಎಂದು ಗೊತ್ತು. ಮೈಸೂರಿನ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಕೂಡಿ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದಾಗ, ಹೆಂಗಸರನ್ನು ಹೀಗಳೆಯುವ ಒಂದು ಸಾಲನ್ನು ನಾನು ಬಿಟ್ಟುಬಿಟ್ಟೆ. ಬಿಟ್ಟರೆ ಸುಳ್ಳು ಹೇಳಿದಂತೆ ಎಂದೆ ನೀನು. ನಿನಗೆ ಹೃದಯವೇ ಇಲ್ಲವೆಂದು ಹೇಳಿ, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದುಬಿಟ್ಟೆ. ಆಮೇಲೆ ಇಬ್ಬರೂ ಬರೆಯಲಿಲ್ಲ.

ಈಗ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಹೋದ ವರ್ಷ ಬೆಂಗಳೂರಿನ ಒಂದು ಪ್ರಕಟಣ ಸಮಿತಿಯವರು, ದಾದಿಯರ ಕಲಿಕೆಗಾಗಿ, ಹೆರಿಗೆಶಾಸ್ತ್ರದ ಒಂದು ದಪ್ಪ ಇಂಗ್ಲಿಷ್ ಗ್ರಂಥವನ್ನು ಕನ್ನಡಿಸಲು ನನಗೆ ಕೊಟ್ಟರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಲವತ್ತು ಪುಟ ಬರೆದೆ. ಓದಿ ನೋಡಿದರೆ ನನಗೇ ಅರ್ಥವಾಗಲಿಲ್ಲ. ಕೊನೆಗೆ ಪುರವರದ ಸೂಲಗಿತ್ತಿ ಹನುಮಕ್ಕನ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು ಓದಿದೆ. ‘ಜರಾಯು’ ಎಂದಾಗ ಆಕೆ ಕೈ ಅಡ್ಡ ಮಾಡಿ, ಮಗು ಬಂದ ಮೇಲೆ ಬೀಳುವುದೇ ಎಂದು ಕೇಳಿದಳು. ಹೌದೆಂದೆ. “ಅಂಗಾದ್ರೆ ಮಾಸು ಅನ್ನು ಕಣಮ್ಮ” ಎಂದಳು. ‘ಮಿಥ್ಯಾವೇದನೆ’ಯನ್ನು ಬಿಡಿಸಿ ಹೇಳಿದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಅದು ಹುಸಿಬೇನೆ. ನೋಯೋದು ನಿಜ, ಮಗು ಬರೋದು ಮಾತ್ರ ಹುಸಿ.” ಆ ನಲವತ್ತು ಪುಟವನ್ನೂ ಹರಿದು ಮೊದಲಿನಿಂದ ಬರೆದೆ. ಭಾನುವಾರ ಬಂತೆಂದರೆ ಪುರವರಕ್ಕೆ ಓಡುವುದೇ ಹಬ್ಬವಾಯಿತು.

ಹೀಗೆ ಏಳನೆಯ ಅಧ್ಯಾಯ ಬಂತು. ಅಲ್ಲಿ ಗ್ರಂಥಕರ್ತ ಡಾಕ್ಟರು ಬರೆದಿದ್ದರು: ‘ಈ ದೇಶದ ಸೂಲಗಿತ್ತಿಯರೆಲ್ಲರೂ ಕೊಳಕರು, ಮೂಢರು, ಅವರಿಂದ ಕಲಿಯತಕ್ಕದ್ದು ಏನೂ ಇಲ್ಲ.’ ನಾನು ಅದನ್ನು ನುಂಗಿಕೊಂಡು ಮುಂದಿನ ಸಾಲಿಗೆ ಹಾರಿದೆ. ಹನುಮಕ್ಕನಿಗೆ ಅಕ್ಷರ ಬಾರದು, ಆದರೆ ಹೆರುವವಳ ಮುಖ ನೋಡಿ ನೋಡಿ ಪಳಗಿದ ಕಣ್ಣು. “ನಿನ್ನ ಕಣ್ಣು ಎರಡು ಸಾಲು ಓದ್ತು, ಬಾಯಿ ಓದ್ಲಿಲ್ಲ. ಏನದು?” ಎಂದು ಕೇಳಿದಳು.

ಓದದೆ ವಿಧಿಯಿರಲಿಲ್ಲ. ಓದಿ ತಲೆ ತಗ್ಗಿಸಿ ಕೂತೆ. ಆಕೆ ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟುಕೊಂಡಳು. ಆಮೇಲೆ ಹೇಳಿದಳು: “ಕುಡುಗೋಲಲ್ಲಿ ಹೊಕ್ಕಳಬಳ್ಳಿ ಕುಯ್ಯೋರನ್ನ ನಾನೂ ನೋಡಿವ್ನಿ. ಅದು ದಿಟವೇ. ಎಲ್ಲಾರೂ ಅಂತ ಹೆಂಗೆ ಅಂದ? ಅವನ ಮಾತು ಅವನ ಹೆಸರಲ್ಲೇ ಇರ್ಲಿ, ಬರಿ. ಅದನ್ನ ನೀನೇ ನುಂಗ್ಬುಟ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?”

ಮಲ್ಲಿ, ನೀನು ಮೂರು ವರ್ಷದ ಹಿಂದೆ ಹೇಳಿದ್ದು ಆಗ ನನ್ನ ತಲೆಗೆ ಹತ್ತಿತು. ಆ ಸಾಲನ್ನು ಒಂದಕ್ಷರ ಬಿಡದೆ ಬರೆದೆ. ಕೆಳಗೆ ಅಡಿಟಿಪ್ಪಣಿಯಲ್ಲಿ ಆಕೆ ಹೇಳಿದ್ದನ್ನೂ ಬರೆದೆ: ‘ನಾನು ಪುರವರದ ಹನುಮಕ್ಕ. ಮೂವತ್ತು ವರ್ಷದಲ್ಲಿ ಬಿಸಿನೀರು ಸೀಗೆಪುಡಿಯಲ್ಲಿ ಕೈ ತೊಳೆಯದೆ ಒಂದು ಕೂಸನ್ನೂ ಮುಟ್ಟಿಲ್ಲ. ಡಾಕ್ಟರು ಈ ಕಡೆ ಬಂದರೆ ನಮ್ಮ ಮನೆಗೆ ಬರಲಿ, ತೋರಿಸುತ್ತೇನೆ.’

ಸಮಿತಿಯ ಕಾರ್ಯದರ್ಶಿ ಜಯರಾಮಯ್ಯನವರು ಬೆಚ್ಚಿಬಿದ್ದರು. ಓದುಬರಹವಿಲ್ಲದ ಹೆಂಗಸಿನ ಮಾತು ಶಾಸ್ತ್ರಗ್ರಂಥಕ್ಕೆ ತಕ್ಕದ್ದಲ್ಲ, ತೆಗೆಯಿರಿ ಎಂದು ಬರೆದರು. ಹಾಗಾದರೆ ನನ್ನ ಹಸ್ತಪ್ರತಿಯನ್ನೇ ಹಿಂದಕ್ಕೆ ಕಳುಹಿಸಿರೆಂದು ಉತ್ತರ ಕೊಟ್ಟೆ. ಕಾಗದ ಡಬ್ಬಕ್ಕೆ ಹಾಕಿದ ಮೇಲೆ ಅಳು ಬಂತು, ಅದನ್ನು ನಿನ್ನಲ್ಲಿ ಮುಚ್ಚಿಡುವುದೇಕೆ. ವರ್ಷದ ದುಡಿಮೆ ಅದು. ಅವರು ಹಿಂದಕ್ಕೆ ಕಳುಹಿಸದೆ, ಯಾರೋ ವಿದ್ವಾಂಸರಿಗೆ ಪರಿಶೀಲನೆಗೆ ಕೊಟ್ಟರು.

ನಿನ್ನೆ ಅಭಿಪ್ರಾಯ ಬಂತು. ಮೂಲಕ್ಕೆ ಅನುವಾದಕಿ ನಿಷ್ಠಳಾಗಿದ್ದಾಳೆ, ಓದುಗರಿಗೂ ನಿಷ್ಠಳಾಗಿದ್ದಾಳೆ. ಅಡಿಟಿಪ್ಪಣಿಯನ್ನು ಉಳಿಸುವುದಷ್ಟೇ ಅಲ್ಲ, ಸಣ್ಣಕ್ಷರದಲ್ಲಿ ಹಾಕದೆ ಡಾಕ್ಟರ ಮಾತಿನಷ್ಟೇ ದಪ್ಪ ಅಚ್ಚಿನಲ್ಲಿ ಹಾಕತಕ್ಕದ್ದು ಎಂದಿದೆ. ಜಯರಾಮಯ್ಯನವರು ಒಪ್ಪಿದ್ದಾರೆ. ಇವತ್ತು ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೇ ಪುರವರಕ್ಕೆ ಹೋಗಿ ಓದಿ ಹೇಳಿದೆ. ಹನುಮಕ್ಕ ಹಿಗ್ಗಲೂ ಇಲ್ಲ, ಹೊಗಳಲೂ ಇಲ್ಲ. ಪುಸ್ತಕದಲ್ಲಿ ಜಾಗ ಇನ್ನೂ ಇದೆಯೇ ಎಂದು ಕೇಳಿದಳು. ಇದೆಯೆಂದೆ. “ಅಂಗಾದ್ರೆ ಕೂತ್ಕೋ. ಇನ್ನೂ ಹದಿನೇಳು ಕಡೆ ತಪ್ಪು ಬರ್ದವ್ನೆ, ಬರ್ಕೋ” ಎಂದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಒಬ್ಬಳೇ ನಗುತ್ತಿದ್ದದ್ದು ಕಂಡು ಪಕ್ಕದವರು ಸರಿದು ಕೂತರು.

ಸಂಕ್ರಾಂತಿಗೆ ನಮ್ಮಲ್ಲಿಗೆ ಬಾ. ಪುರವರಕ್ಕೆ ಕರೆದುಕೊಂಡು ಹೋಗುತ್ತೇನೆ.

ನಿನ್ನ ಜೊತೆ ಜಗಳವಾಡಿ ಸೋತು, ಸೋತದ್ದಕ್ಕೆ ಸಂತೋಷಪಡುತ್ತಿರುವ
ಕಮಲಾಕ್ಷಿ

ತಾ. ಕ.: ಅಭಿಪ್ರಾಯ ಬರೆದವರ ಹೆಸರನ್ನು ಜಯರಾಮಯ್ಯನವರು ಕತ್ತರಿಸಿ ತೆಗೆದೇ ಕಳುಹಿಸಿದ್ದಾರೆ. ಆದರೆ ಎರಡು ವರ್ಷ ನಿನ್ನ ಟಿಪ್ಪಣಿಗಳನ್ನು ನೋಡಿ ಬರೆದುಕೊಂಡವಳಿಗೆ ನಿನ್ನ ಅಕ್ಷರ ತಿಳಿಯದೆ? ಜೊತೆಗೆ ಬಂದ ನನ್ನ ಹಸ್ತಪ್ರತಿಯಲ್ಲಿ ‘ಮಾಸು’ ಎಂಬ ಮಾತಿನ ಪಕ್ಕದಲ್ಲಿ ‘ಭೇಷ್ ಕಮಲಿ’ ಎಂದು ಬರೆದು ಹೊಡೆದುಹಾಕಿದ್ದೀಯೆ. ಹೊಡೆದುಹಾಕಿದ್ದನ್ನೂ ಬಿಡದೆ ಓದಿಕೊಂಡಿದ್ದೇನೆ.