ಡುಮ್ಮ ಏಳದಿರುವ ಬಗ್ಗೆ

ಅಕ್ಕಾ,

ನೀನು ಹೊಲಿಗೆ ಅಂಗಡಿಗೆ ಬೀಗ ಹಾಕಿ ಮನೆ ಕಡೆ ಹೊರಟ ಗಳಿಗೆಗೇ ನಿನ್ನ ನಾಯಿ ಡುಮ್ಮ ಎದ್ದು ಬಾಗಿಲಿಗೆ ಬರುತ್ತಾನೆ ಎನ್ನುವುದು ನಿಜ. ನನ್ನ ಸಂಶೋಧನೆಯ ಕ್ಯಾಮೆರಾದಲ್ಲಿ ಸಾಬೀತಾಗಿದೆ. ನಮ್ಮ ಮೇಷ್ಟ್ರಿಗೆ ಖುಷಿಯೋ ಖುಷಿ.

ಪರೀಕ್ಷೆಗೆಂದು ನಾನು ಎಷ್ಟೋ ಸಲ ಫೋನ್ ಮಾಡಿ ನಿನ್ನನ್ನು ಅರ್ಧ ದಾರಿಯಿಂದ ವಾಪಸ್ ಕಳಿಸಿದೆನಲ್ಲ, ಆಗೆಲ್ಲ ಅವನು ಹೊಸ್ತಿಲ ಮೇಲೆ ಮೂತಿಯಿಟ್ಟು ಕಾದಿದ್ದಾನೆ. ವಿಡಿಯೋದ ಆ ಭಾಗವನ್ನು ನಿನಗೆ ತೋರಿಸಿರಲಿಲ್ಲ.

ಈಗ ಅವನು ಏಳುವುದನ್ನೇ ಬಿಟ್ಟಿದ್ದಾನೆ. ಮೊನ್ನೆ ನೀನು ಒಳಗೆ ಬಂದಾಗಲೂ ಮಲಗೇ ಇದ್ದ. "ಪಾಪ, ವಯಸ್ಸಾಯ್ತು ಕಣೋ ಇವನಿಗೆ" ಅಂದೆ ನೀನು. ನಾನು ಹೂಂಗುಟ್ಟಿದೆ. ವಯಸ್ಸಲ್ಲ ಅಕ್ಕಾ.

ಮೇಷ್ಟ್ರು ಇನ್ನೊಂದು ಸುತ್ತು ಪರೀಕ್ಷೆ ಆಗಲಿ ಅನ್ನುತ್ತಿದ್ದಾರೆ. ಅವರೆದುರು ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾಳೆಯಿಂದ ಅಂಗಡಿ ಮುಚ್ಚಿ ನೆಟ್ಟಗೆ ಮನೆಗೆ ಹೋಗು. ದಾರಿಯಲ್ಲಿ ನನ್ನ ಫೋನ್ ಬಂದರೆ ಎತ್ತಬೇಡ.

ನಿನ್ನ ತಮ್ಮ