ಮಾರಾಟವಾಗದ ದೋಣಿ

ಭಾನುವಾರ, ಮಾರ್ಚ್ ೯

ದೋಣಿ ಮಾರಲೇಬೇಕೆಂದು ಹಟ ಹಿಡಿದವಳು ನಾನೇ. ಪಾರ್ಶ್ವವಾಯು ಹೊಡೆದ ಮೇಲೆ ಇವರ ಎಡಗಾಲು ಮಾತು ಕೇಳುವುದಿಲ್ಲ. ಕಟ್ಟಿಹಾಕಿದ ದೋಣಿಯನ್ನು ಕಿಟಕಿಯಿಂದ ನೋಡುತ್ತ ಗಂಡ ಕೊರಗುವುದನ್ನು ಎಷ್ಟು ದಿನವೆಂದು ಸಹಿಸಲಿ?

ಇವತ್ತು ದಂತವೈದ್ಯೆಯೊಬ್ಬರು ತಮ್ಮನಿಗೆ ಕೊಳ್ಳಲೆಂದು ಬಂದರು. ಅವರದೂ ನಮ್ಮ ದೋಣಿ ಮಾಡಿದ ಕಂಪನಿಯದೇ ಹಾಯಿದೋಣಿ. ಜೊತೆಗೆ ಅಂಥದೇ ದೋಣಿ ಇರುವ ಇನ್ನಿಬ್ಬರು. ಕಂಪನಿ ಮುಚ್ಚಿ ಯಾವ ಕಾಲವಾಯಿತೋ, ಅದರ ದೋಣಿಯವರು ಮಾತ್ರ ಈಗಲೂ ನೆಂಟರಂತೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ.

ವೈದ್ಯೆ ಹಲಗೆಯನ್ನೆಲ್ಲ ಹಲ್ಲಿನಂತೆ ತಟ್ಟಿ ನೋಡಿ, ಇವರನ್ನು ಕೇಳಿದರು, “ಕೊನೇ ಸಲ ಒಂದು ಸುತ್ತು ಹೋಗಿಬರೋಣ್ವಾ?”

“ಹತ್ತೋಕೇ ಆಗಲ್ವಲ್ಲಮ್ಮ.”

“ನೀವ್ಯಾಕೆ ಹತ್ತಬೇಕು? ಹಾಯಿ ಎತ್ತೋ ರಾಟೆ ನಿಮ್ಮನ್ನ ಎತ್ತಲ್ವಾ?”

“ಇವರೇನು ಮೂಟೆನಾ?” ಎಂದು ನಾನು ಕೂಗಿಯೇಬಿಟ್ಟೆ. ಇವರು ನಕ್ಕರು. ಕಾಯಿಲೆ ಬಿದ್ದ ಮೇಲೆ ಆ ನಗು ಕೇಳಿದ್ದು ಇವತ್ತೇ.

ಮೂವರೂ ಸೇರಿ ಕುರ್ಚಿಗೆ ಹಗ್ಗ ಬಿಗಿದು, ಇವರನ್ನು ಎತ್ತಿ ಮೆಲ್ಲಗೆ ದೋಣಿಗೆ ಇಳಿಸಿದರು. ನಾನು ಜೀವ ಕೈಯಲ್ಲಿ ಹಿಡಿದು ದಡದಲ್ಲೇ ನಿಂತಿದ್ದೆ. ದೋಣಿ ಹೊರಟಾಗ ಚುಕ್ಕಾಣಿ ಇವರ ಬಲಗೈಯಲ್ಲಿತ್ತು. “ಹಗ್ಗ ಬಿಗಿ ಹಿಡೀರಿ, ನಿದ್ದೆ ಮಾಡ್ತಿದ್ದೀರಾ!” ಎಂದು ಕೊಳ್ಳಲು ಬಂದವರನ್ನೇ ಗದರುವುದು ದಡದವರೆಗೂ ಕೇಳಿಸಿತು. ಆಮೇಲೆ ನನಗೆ ಕಣ್ಣು ಮಂಜಾಗಿ ಏನೂ ಸರಿಯಾಗಿ ಕಾಣಲಿಲ್ಲ.

ಮರಳಿದ ಮೇಲೆ ವೈದ್ಯೆ ನನ್ನ ಕೈ ಹಿಡಿದು, “ಇದನ್ನ ನಾನು ಕೊಳ್ಳಲ್ಲ, ಬೇಜಾರು ಮಾಡ್ಕೋಬೇಡಿ. ಭಾನುವಾರ ಭಾನುವಾರ ಇವರನ್ನ ಕರ್ಕೊಂಡು ಹೋಗೋಕೆ ನಾವೇ ಬರ್ತೀವಿ” ಎಂದರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಲಗುವ ಮುಂಚೆ ಇವರು, “ಮುಂದಿನ ವಾರ ನೀನೂ ಬಾರೇ” ಎಂದರು. ನನಗೆ ಈಜು ಬರುವುದಿಲ್ಲ, ನೀರೆಂದರೆ ಮೊದಲಿನಿಂದಲೂ ಭಯ. ಆದರೂ ಹೂಂ ಅಂದುಬಿಟ್ಟೆ, ಯಾಕೋ…