ಬುತ್ತಿತಾತನ ಮೇಲಿನ ಮೊಕದ್ದಮೆ

ಕೆಂಗುಂಡಿ,
ಕೆರೆಶಕ ಎಂಬತ್ತೊಂದು, ಎರಡನೆಯ ಕಾರ್ತಿಕದ ಮೂವತ್ತೈದನೆಯ ದಿನ.

ನಮಗಿಂತ ಬಹಳ ಮುಂಚೆ ಬಾಳುತ್ತಿರುವ ಹಿರಿಯರೇ,

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇರಲಾರದು. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನೀವು ಅದಿರು ತೆಗೆದು ಬಿಟ್ಟುಹೋದ ಗುಂಡಿ ತುಂಬಿ ಕೆರೆಯಾದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದೇ ಕೆರೆಶಕ. ಕೆರೆಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ನಮ್ಮ ಮನೆಗಳಿವೆ. ಬೆಳಗಾದರೆ ಸಜ್ಜೆ ರೊಟ್ಟಿ ಬಡಿಯುವ ಸದ್ದು ನೀರು ದಾಟಿ ಎದುರು ದಂಡೆಗೂ ಕೇಳುತ್ತದೆ. ಬಿಸಿಲೇರಿದಾಗ ಊರೆಲ್ಲ ‘ತಂಪೋಣಿ’ ಸೇರುತ್ತದೆ. ಗುಡ್ಡದೊಳಗೆ ಕೊರೆದ ಓಣಿಗಳಿಗೆ ಆ ಹೆಸರು. ಶಾಲೆ, ಸಂತೆ, ಜಗಳ, ಮದುವೆಯ ಮಾತುಕತೆ ಎಲ್ಲವೂ ಅಲ್ಲೇ. ನಾನು ಹಂಪಮ್ಮ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಒಟ್ಟಿನಲ್ಲಿ ಸುಖವಾಗಿದ್ದೇವೆ.

ಸುಗ್ಗಿ ಮುಗಿದ ಮೇಲೆ ತಂಪೋಣಿಯಲ್ಲಿ ಅಣಕು ವಿಚಾರಣೆ ನಡೆಸುವುದು ನಮ್ಮೂರಿನ ರೂಢಿಯಾಗಿತ್ತು. ಸತ್ತುಹೋದ ರಾಜರನ್ನೋ ಗಣಿಧಣಿಗಳನ್ನೋ ಕಟಕಟೆಗೆ ತಂದು, ವಾದ ಮಾಡಿ, ನಕ್ಕು, ಮನೆಗೆ ಹೋಗುತ್ತಿದ್ದೆವು. ಕಟಕಟೆಯಲ್ಲಿ ನಿಲ್ಲುವುದು ‘ಬೆಳಕಿನಾಳು’. ಅದು ಬೆಳಕಿನಿಂದ ಕಟ್ಟಿದ ಮನುಷ್ಯರೂಪ. ಹಿಂದೆ ಕುಳಿತವರು ಬರೆದುಕೊಟ್ಟದ್ದನ್ನು ಸತ್ತವರ ದನಿಯಲ್ಲಿ ಆಡುತ್ತದೆ. ನಾಲ್ಕು ವರ್ಷಗಳ ಹಿಂದೆ ಮೊದಲ ಸಲ ಒಬ್ಬ ಸಂತನನ್ನು ಹಾಗೆ ನಿಲ್ಲಿಸಿದರು. ನ್ಯಾಯಾಧೀಶರ ಕುರ್ಚಿಯಲ್ಲಿ ನಾನಿದ್ದೆ.

ಆ ಸಂತ ಬುತ್ತಿತಾತ. ಗಣಿ ಕೂಲಿಗಳ ಜೊತೆ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದವರು. ಅವರ ಗದ್ದುಗೆಗೆ ಇಂದಿಗೂ ಅರ್ಧ ಊರು ನಡೆದುಕೊಳ್ಳುತ್ತದೆ. ವಿಚಾರಣೆಗೆ ಹಟ ಹಿಡಿದವಳು ವಕೀಲೆ ಶಾಂಭವಿ. ಕೆಮ್ಮುರೋಗ ಊರನ್ನು ಮುತ್ತಿದಾಗ ತಾತ “ಭಸ್ಮ ಸಾಕು, ಮದ್ದು ಬೇಡ” ಅಂದರಂತೆ. ಅದನ್ನು ನಂಬಿ ಅವಳ ಮುತ್ತಜ್ಜಿ ಹುಲುಗಮ್ಮ ಜೀವ ಬಿಟ್ಟಳಂತೆ. “ಭಸ್ಮ ಹಚ್ಚಿಕೋ, ಮದ್ದೂ ತಗೋ ಅಂದಿದ್ದರು” ಎನ್ನುವುದು ಭಕ್ತರ ಮಾತು. ಕೇಳೋಣವೆಂದರೆ ಆ ಕಾಲದವರು ಒಬ್ಬರೂ ಉಳಿದಿಲ್ಲ.

ವಿಚಾರಣೆ ಶುರುವಾಯಿತು. ಶಾಂಭವಿಯ ಕಡೆಯವರು ಬರೆದಾಗ ಬೆಳಕಿನ ತಾತ “ಹೌದು, ಅಂದೆ” ಎಂದರು. ಭಕ್ತರ ಪರ ನಿಂತ ವಕೀಲರು ಬರೆದಾಗ ಅದೇ ತಾತ, ಅದೇ ದನಿಯಲ್ಲಿ, “ಇಲ್ಲ, ಅನ್ನಲಿಲ್ಲ” ಎಂದರು. ಜನ ಗೊಳ್ಳೆಂದರು. ಗದ್ದುಗೆ ನೋಡಿಕೊಳ್ಳುವ ಗಾದಿಲಿಂಗಪ್ಪ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ವಿಚಾರಣೆಯ ಸುದ್ದಿ ಹಬ್ಬಿದ ಮೇಲೆ, ಹದಿನೈದು ದಿನದಿಂದ, ಅವರ ಮೊಮ್ಮಗಳನ್ನು ಶಾಲೆಯಲ್ಲಿ “ಕಳ್ಳತಾತನ ಕೂಸು” ಎಂದು ಕಾಡುತ್ತಿದ್ದರು; ಹುಡುಗಿ ಶಾಲೆ ಬಿಟ್ಟಿದ್ದಳು.

ಆಮೇಲೆ ಯಾರೋ ತಮಾಷೆಗೆ ಬೆಳಕಿನಾಳಿಗೆ ರೋಗಿಯ ಕೆಮ್ಮು ಬರೆದುಕೊಟ್ಟರು. ತಾತ ಕಟಕಟೆ ಹಿಡಿದು ಬಾಗಿ ಬಾಗಿ ಕೆಮ್ಮತೊಡಗಿದರು. ಜನಕ್ಕೆ ನಗೆ ತಡೆಯಲಾಗಲಿಲ್ಲ. ಶಾಂಭವಿ ಜನರ ಕಡೆ ತಿರುಗಿದಳು.

“ಅಲ್ರೀ, ನಮ್ಮ ಮುತ್ತಜ್ಜಿ ಹಿಂಗ ಕೆಮ್ಮಿ ಕೆಮ್ಮಿ ಸತ್ತಾಳ! ಯಾಕ ನಗತೀರಿ?” ಎಂದಳು. ಕೆಲವರು ಅದನ್ನೂ ವಾದದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಕರಿಕೋಟು ಬಿಚ್ಚಿ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು. “ಟೀಚರ್, ನಿಲ್ಲಸ್ರಿ ಇದನ್ನ. ನನಗ ತೀರ್ಪು ಬ್ಯಾಡ.”

ನಾನು ಬೆಳಕು ಆರಿಸಲು ಹೇಳಿದೆ. ಕಟಕಟೆ ಬರಿದಾಯಿತು. ಆಗ ಗಾದಿಲಿಂಗಪ್ಪ ಎದ್ದು ಅವಳ ಬಳಿ ಬಂದರು. ಬೈಯಲು ಬಂದರೆಂದು ನಾನು ಹೆದರಿದೆ.

“ತಾಯೀ, ತಾತ ಏನಂದ್ರೋ ನನಗೂ ಗೊತ್ತಿಲ್ಲ. ಆದ್ರ ಈಗ ಭಸ್ಮ ಕೊಡಾವ ನಾನದೀನಿ. ಕೇಳೋದಿದ್ರ ನನ್ನ ಕೇಳವ್ವಾ” ಎಂದರು.

“ಕೆಮ್ಮು ಅಂತ ಬಂದೋರಿಗೆ ನೀವು ಏನಂತೀರಿ?”

“ಏನೂ ಅನ್ನಂಗಿಲ್ಲ. ಭಸ್ಮ ಕೊಟ್ಟು ಕಳಸ್ತೀನಿ.”

“ಇನ್ನ ಮ್ಯಾಗ ಆಸ್ಪತ್ರಿಗೆ ಹೋಗಂತ ಹೇಳ್ರಿ. ಅಷ್ಟ ಸಾಕು ನನಗ.”

ಗಾದಿಲಿಂಗಪ್ಪ ಹೇಳುವುದಷ್ಟೇ ಅಲ್ಲ, ರೋಗಿಗಳನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಮುಟ್ಟಿಸತೊಡಗಿದರು. ಆ ವರ್ಷದ ದಾಸೋಹದಲ್ಲಿ, ಯಾರೂ ಕೇಳದಿದ್ದರೂ, ಹುಲುಗಮ್ಮನ ಹೆಸರು ಹೇಳಿ ಮೊದಲ ತುತ್ತು ತೆಗೆದಿಟ್ಟರು. ಶಾಂಭವಿ ಪಂಕ್ತಿಯಲ್ಲಿ ಕುಳಿತು ಉಂಡಳು, ಅತ್ತಳು, ಮತ್ತೆ ಸಾರು ಹಾಕಿಸಿಕೊಂಡಳು. ಮೊಮ್ಮಗಳು ಶಾಲೆಗೆ ಮರಳಲು ಇನ್ನೊಂದಿಷ್ಟು ದಿನ ಹಿಡಿಯಿತು. ಅವಳನ್ನು ಕಾಡಬೇಡಿರೆಂದು ಹೇಳಲು ಅವಳ ಗೆಳತಿಯರ ಮನೆಗಳಿಗೆ ನಾನೂ ಶಾಂಭವಿಯೂ ಅಲೆಯಬೇಕಾಯಿತು. ತಾತ ಏನಂದಿದ್ದರೆಂಬ ಬಗ್ಗೆ ಶಾಂಭವಿಯೂ ಭಕ್ತರೂ ಇಂದಿಗೂ ಒಪ್ಪಿಲ್ಲ. ಒಪ್ಪದೆಯೂ ಜೊತೆಗಿದ್ದಾರೆ.

ನಿಮ್ಮಲ್ಲೂ ಇಂಥ ವೇದಿಕೆಗಳು ಏಳುತ್ತವೆ ಎಂದು ಓದಿದ್ದೇನೆ. ಪ್ರಶ್ನೆ ಕೇಳಬೇಡಿ ಎನ್ನಲಾರೆ. ಶಾಂಭವಿ ಕೇಳದೇ ಇದ್ದಿದ್ದರೆ ನಮ್ಮಲ್ಲಿ ಇನ್ನೂ ಕೆಲವರು ಸಾಯುತ್ತಿದ್ದರೇನೋ. ನನ್ನ ಬೇಡಿಕೆ ಸಣ್ಣದು. ಉತ್ತರ ಕೊಡಲಾರದವರ ಬಾಯಿಗೆ ನಿಮ್ಮ ಮಾತು ತುರುಕುವ ಮೊದಲು, ಉತ್ತರ ಕೊಡಬಲ್ಲವರು ಎದುರಿಗೇ ಕುಳಿತಿದ್ದಾರೆಯೇ ಎಂದು ಒಮ್ಮೆ ನೋಡಿ. ಅವರ ಪಕ್ಕದಲ್ಲಿ ಜಾಗವಿದ್ದರೆ ಹೋಗಿ ಕುಳಿತುಕೊಳ್ಳಿ.

ನಿಮ್ಮ ಮುಂದಿನ ದಿನಗಳಿಂದ,
ಹಂಪಮ್ಮ